ನಾನು ಉಳಿಸಿದ ನಕ್ಷೆ, ನಾನೇ ಕೆಡಿಸಿದ ನಕ್ಷೆ

ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. 1991ರ ಮಳೆಗಾಲ. ನನ್ನ ಮೇಜಿಗೆ ಒಂದು ಗ್ರಾಮ ನಕ್ಷೆ ಬಂತು. ಬಂತು ಅನ್ನೋದಕ್ಕಿಂತ ನಾಲ್ಕು ತುಂಡು ಬಂದವು ಅನ್ನಬೇಕು. ನೂರು ವರ್ಷ ಒಂದೇ ಕಡೆ ಮಡಚಿ, ಬಿಚ್ಚಿ, ಮತ್ತೆ ಮಡಚಿ, ಮಡಿಕೆಯ ಗೆರೆಯಲ್ಲೇ ಹರಿದುಹೋಗಿತ್ತು. ನೋಡಿದ ಕೂಡಲೇ ಅಯ್ಯೋ ಅನ್ನಿಸಿತು. ಎದುರಿನ ಅಂಗಡಿಯಿಂದ ಒಂದು ಸುರುಳಿ ಸೆಲ್ಲೋಟೇಪು ತರಿಸಿದೆ. ತುಂಡುಗಳನ್ನು ನಾಜೂಕಾಗಿ ಕೂಡಿಸಿ, ಮುಂದೆ ಹಿಂದೆ ಎರಡೂ ಕಡೆ ಟೇಪು ಎಳೆದೆ. ಗೆರೆಗೆ ಗೆರೆ ಕೂತಿತು. ಮೇಲಿನವರು ನೋಡಿ "ಭೇಷ್" ಅಂದರು. ಅವತ್ತು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಂದು ಊರನ್ನೇ ಕಾಪಾಡಿಬಿಟ್ಟೆ ಅನ್ನೋ ಹಾಗೆ ಬೀಗಿದ್ದೆ.

2005ರ ಸುಮಾರಿಗೆ ಅದೇ ಹಾಳೆ ಮತ್ತೆ ಕೈಗೆ ಸಿಕ್ಕಿತು. ಟೇಪು ಒಣಗಿ ತಾನಾಗೇ ಉದುರಿತ್ತು. ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು, ಕಷಾಯ ಚೆಲ್ಲಿದ ಹಾಗೆ ಕಂದು ಪಟ್ಟಿಯಾಗಿ ಕೂತಿತ್ತು. ಆ ಪಟ್ಟಿಯ ಅಡಿಯಲ್ಲಿ ಎರಡು ಸರ್ವೆ ನಂಬರು, ಒಂದು ಬಾವಿಯ ಗುರುತು, ಒಂದು ಹಳ್ಳದ ಅರ್ಧ ಹೆಸರು ಹೋಗಿತ್ತು. ನೂರು ವರ್ಷ ಅದನ್ನು ಮಡಚಿ ಬಿಚ್ಚಿದ ಶಾನುಭೋಗರು, ಗುಮಾಸ್ತರು ಎಲ್ಲ ಸೇರಿ ಮಾಡದ ಹಾನಿಯನ್ನು ನಾನೊಬ್ಬಳೇ ಹದಿನಾಲ್ಕು ವರ್ಷದಲ್ಲಿ ಮಾಡಿದ್ದೆ. ಅದೂ ಪ್ರೀತಿಯಿಂದ.

ನಿವೃತ್ತಿ ಆದ ಮೇಲೆ ಎಲ್ಲಿ ಮಾತಾಡೋಕೆ ಕರೆದರೂ ಒಂದು ಪ್ರಶ್ನೆ ಬಂದೇ ಬರುತ್ತೆ. "ಮೇಡಂ, ನೀವು ಎಷ್ಟು ನಕ್ಷೆ ಉಳಿಸಿದಿರಿ?" ಅಂತ. ಲೆಕ್ಕ ಹೇಳೋಕೆ ನಾಲಿಗೆ ಬರೋದಿಲ್ಲ. ನಿಜ ಹೇಳಬೇಕಂದರೆ ನೌಕರಿಯ ಮೊದಲರ್ಧ ನಕ್ಷೆ ಉಳಿಸಿದೆ, ಉಳಿದರ್ಧ ನಾನು ಹಾಗೆ ಉಳಿಸಿದ್ದನ್ನು ಬಿಡಿಸೋದರಲ್ಲಿ ಕಳೆದೆ.

ನಾನು ಓದಿದ್ದು ಇತಿಹಾಸದಲ್ಲಿ ಎಂ.ಎ. ಇತಿಹಾಸ ಅಂದರೆ ಶಾಸನ, ರಾಜರು, ಯುದ್ಧ ಅಂದುಕೊಂಡು ಬೆಳೆದವಳು. ಹೋಗಿ ಬಿದ್ದದ್ದು ಒಂದು ಸರ್ಕಾರಿ ದಾಖಲೆ ಕೋಣೆಯಲ್ಲಿ. ಸೂರಿನ ತನಕ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ಕೆಂಪು ಬಟ್ಟೆಯ ಗಂಟು. ಧೂಳು, ಇಲಿ, ನುಸಿಗುಳಿಗೆ ಮೂರೂ ಸೇರಿದ ಒಂದು ವಾಸನೆ. ಆ ವಾಸನೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗ್ತಿರಲಿಲ್ಲ. ನಕ್ಷೆಗಳು ಕೆಲವು ಸುರುಳಿ, ಕೆಲವು ಮಡಿಕೆ, ಕೆಲವು ಬೀರುವಿನ ಹಿಂದೆ ಗೋಡೆಗೆ ಒರಗಿಸಿಟ್ಟ ಕೊಡೆಗಳ ಹಾಗೆ.

ನಾವು ಫೈಲಿಗೆ 'ಕಡತ' ಅಂತೀವಲ್ಲ, ಆ ಪದ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದೂ ಅಲ್ಲೇ. ಕಡತ ಅಂದರೆ ಮೊದಲು ಬಟ್ಟೆ. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಉಜ್ಜಿ, ಕಪ್ಪು ಹಲಗೆಯ ಹಾಗೆ ಮಾಡಿ ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯೋದು. ಬೇಡವಾದ್ದನ್ನು ಒರೆಸಿ, ಮತ್ತೆ ಸರಿ ಬಳಿದು ಹೊಸದಾಗಿ ಬರೆಯಬಹುದಿತ್ತು. ಯೋಚನೆ ಮಾಡಿ, ನಮ್ಮ ಆಡಳಿತದ ದಾಖಲೆಗೆ ಇರುವ ಹೆಸರೇ ಅಳಿಸಿ ಬರೆಯೋ ವಸ್ತುವಿನದು! ಈ ಮಾತು ಹೇಳಿದಾಗ ತಾಲ್ಲೂಕು ಕಚೇರಿಯಲ್ಲಿ ಓಡಾಡಿ ಚಪ್ಪಲಿ ಸವೆಸಿದವರು ಮಾತ್ರ ಸರಿಯಾಗಿ ನಗ್ತಾರೆ.

ನಮ್ಮ ವಿಭಾಗದಲ್ಲಿ ಒಬ್ಬ ಹಿರಿಯ ಟ್ರೇಸರ್ ಇದ್ದರು. ನಿವೃತ್ತಿಗೆ ಇನ್ನು ಮೂರು ವರ್ಷ ಇತ್ತು. ಹಳೇ ನಕ್ಷೆಯನ್ನು ನೋಡಿ ಹೊಸ ನಕ್ಷೆ ಬಿಡಿಸೋದೇ ಅವರ ಜನ್ಮದ ಕೆಲಸ. ಮೊದಲ ವಾರವೇ ನನಗೆ ಹೇಳಿದರು, "ಏನಮ್ಮಾ, ಇತಿಹಾಸದವರು ನೀವು ಗಡಿ ನೋಡ್ತೀರಿ. ಗಡಿ ಎಳೆದವನ ಕೈ ನೋಡಿ." ಆಮೇಲೆ ತೋರಿಸಿದರು. ಗೆರೆ ಶುರುವಾಗೋ ಕಡೆ ಮಸಿ ದಪ್ಪ, ಮುಗಿಯೋ ಕಡೆ ತೆಳು. ಅಂದರೆ ಅವನು ಕೆರೆ ಏರಿಯಿಂದ ಶುರುಮಾಡಿ ಊರ ಕಡೆ ಬಂದಿದ್ದಾನೆ. ಇಲ್ಲಿ ಗೆರೆ ನಡುಗಿದೆ, ಇಲ್ಲಿ ಎರಡು ದಿನ ಬಿಟ್ಟು ಬೇರೆ ಮಸಿಯಲ್ಲಿ ಮುಂದುವರಿಸಿದ್ದಾನೆ. ಅಲ್ಲಿಯ ತನಕ ನಕ್ಷೆ ಅಂದರೆ ನನಗೆ ಚಿತ್ರ. ಅವತ್ತಿನಿಂದ ಅದು ಯಾರೋ ಒಬ್ಬ ಬಿಸಿಲಲ್ಲಿ ನಡೆದ ದಾರಿ.

ಹಾಗೆ ನಡೆದವರ ಕಥೆ ನಮ್ಮ ನಾಡಿನ ಮಟ್ಟಿಗೆ ಒಂದು ಯುದ್ಧದ ಬೆನ್ನಲ್ಲೇ ಜೋರಾಗಿ ಶುರುವಾಗುತ್ತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರಿಗೆ ತಾವು ಗೆದ್ದದ್ದು ಏನು ಅಂತ ಗೊತ್ತಾಗಬೇಕಿತ್ತು. ಕಂಪನಿ ಸೈನ್ಯದ ಎಂಜಿನಿಯರ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. ಸುಮಾರು 40,000 ಚದರ ಮೈಲಿ. ಗಡಿ, ಹೊಳೆ, ಕೆರೆ ಅಳೆಯೋದರ ಜೊತೆಗೆ ಊರೂರಿಗೆ ಜನ ಕಳಿಸಿ ಕೈಫಿಯತ್ತು, ಅಂದರೆ ಊರಿನವರು ಹೇಳಿದ ಊರ ಕಥೆ, ಬರೆಸಿದ, ಶಾಸನ ಪ್ರತಿ ಮಾಡಿಸಿದ. ಆ ಕೆಲಸದ ಜೀವ ಇದ್ದದ್ದು ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ ಇಂಥವರಲ್ಲಿ. ಬೋರಯ್ಯ 1803ರಲ್ಲೇ ತೀರಿಕೊಂಡರು. ಮೆಕೆಂಜಿ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ. ಅವನ ಸಂಗ್ರಹದಲ್ಲಿ ಒಂದಷ್ಟು ಲಂಡನ್ನಿಗೆ ಹೋಯಿತು, ಒಂದಷ್ಟು ಮದ್ರಾಸಿನಲ್ಲಿ ಉಳಿಯಿತು. ನಮ್ಮ ಹಳ್ಳಿಯ ಮುದುಕರು ಹೇಳಿದ ಮಾತು ಓದಬೇಕಂದರೆ ನಾವು ಚೆನ್ನೈ ಬಸ್ಸು ಹತ್ತಬೇಕು. ನಾನು ಹತ್ತಿದ್ದೇನೆ, ಬೇಜಾರಿಲ್ಲ. ಅಲ್ಲಿಗೆ ಹೋಗಿದ್ದರಿಂದಲೇ ಉಳಿದಿರಬಹುದು ಅಂತಾನೂ ಎಷ್ಟೋ ಸಲ ಅನ್ನಿಸಿದೆ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಬ್ಬ, ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ಸರಪಳಿ ಹಿಡಿದು ಅಳೆದ. ಈ ಸರಪಳಿಯ ಕಥೆ ನನಗೆ ಬಲು ಇಷ್ಟ. ಅದು ಚೀನಾ ಚಕ್ರವರ್ತಿಗೆ ಅಂತ ಬ್ರಿಟಿಷರು ತೆಗೆದುಕೊಂಡು ಹೋಗಿದ್ದ ಉಡುಗೊರೆಗಳಲ್ಲಿ ಒಂದು. ಅಲ್ಲಿ ಯಾರೂ ಮೂಸಿ ನೋಡಲಿಲ್ಲ. ವಾಪಸ್ಸು ಬರುವ ದಾರಿಯಲ್ಲಿ ಕಲ್ಕತ್ತಾದಲ್ಲಿ ಉಳಿದು, ಕೊನೆಗೆ ಲ್ಯಾಂಬ್ಟನ್ ಕೈ ಸೇರಿತು. ಬೇಡವಾದ ಉಡುಗೊರೆಯಲ್ಲಿ ಬೆಂಗಳೂರು ಅಳೆದರು! 1802ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ದೊಡ್ಡ ತ್ರಿಕೋನ ಸರ್ವೆಯ ಕೆಲಸ ಶುರುವಾದಾಗ ಇಲ್ಲಿನ ಅಭ್ಯಾಸ ಅವನ ಬೆನ್ನಿಗಿತ್ತು. ಅವನಿಗೆ ಅಂತ ತರಿಸಿದ ಅರ್ಧ ಟನ್ ತೂಕದ, ಕೋನ ಅಳೆಯೋ ಥಿಯೋಡೋಲೈಟನ್ನು ದಾರಿಯಲ್ಲಿ ಫ್ರೆಂಚ್ ಹಡಗು ಹಿಡಿದು ಮಾರಿಷಸ್ಸಿಗೆ ಒಯ್ದಿತ್ತು. ಇದು ವಿಜ್ಞಾನದ ಸಾಮಾನು ಅಂತ ಗೊತ್ತಾದ ಮೇಲೆ ಅಲ್ಲಿನವರು ಮರ್ಯಾದೆಯಿಂದ ವಾಪಸ್ಸು ಕಳಿಸಿಕೊಟ್ಟರು.

ಇವೆಲ್ಲ ದೊಡ್ಡವರ ನಕ್ಷೆ. ನನ್ನ ಜೀವ ಹಿಂಡಿದ್ದು ಚಿಕ್ಕ ನಕ್ಷೆಗಳು. ಮೈಸೂರಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ, ಬೊಂಬಾಯಿ ಕಡೆಯ ಪದ್ಧತಿಯಲ್ಲಿ. ಅದಕ್ಕೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಹಾಕಿ ನೋಡಿ, 1,089 ಚದರ ಅಡಿ. ಅದೇ ನಮ್ಮ ಗುಂಟೆ. 40 ಗುಂಟೆಗೆ ಒಂದು ಎಕರೆ. ಸರಪಳಿಯನ್ನು 16 ಆಣೆಯಾಗಿ ಭಾಗ ಮಾಡಿದ್ದರು, ಹಾಗಾಗಿ ಹಳೇ ಟಿಪ್ಪಣಿ ಪುಸ್ತಕ ತೆಗೆದರೆ ಹೊಲದ ಅಂಚು ಇಷ್ಟು ಸರಪಳಿ ಇಷ್ಟು ಆಣೆ ಅಂತಲೇ ಇರುತ್ತೆ. ಸೈಟು ಕೊಳ್ಳುವವರು ಇವತ್ತಿಗೂ "ಗುಂಟೆಗೆ ಎಷ್ಟು?" ಅಂತ ಕೇಳೋದು ಆ ಕಬ್ಬಿಣದ ಸರಪಳಿಯ ಭಾಷೆಯಲ್ಲೇ. ಗ್ರಾಮ ನಕ್ಷೆಯಲ್ಲಿ ಎಂಟು ಇಂಚಿಗೆ ಒಂದು ಮೈಲಿ, ಅಂದರೆ 1:7,920. ಈ ಅಳತೆಯಲ್ಲಿ ಒಂದು ಊರು ಎರಡು ಕೈ ಚಾಚಿದಷ್ಟು ಹಾಳೆಯ ಮೇಲೆ ಕೂರುತ್ತೆ. ಕೆರೆ, ಗುಂಡುತೋಪು, ಗೋಮಾಳ, ಬಂಡಿದಾರಿ, ಗ್ರಾಮಠಾಣ, ಸ್ಮಶಾನ. ಮೂಲೆ ಮೂಲೆಗೆ ಬಾಂದುಕಲ್ಲಿನ ಗುರುತು.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು ಅಂತ ನಾವು ಬಾವುಟ ಹಾರಿಸ್ತೀವಿ. ದಾಖಲೆ ಕೋಣೆಯಲ್ಲಿ ಅದು ಐದು ಮನೆಯ ಸೊಸೆಯರು ಒಂದೇ ಅಡುಗೆಮನೆಗೆ ಬಂದ ಹಾಗೆ. ಹಳೇ ಮೈಸೂರಿನದು ಒಂದು ಕಟ್ಟು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆಯದು ಬೊಂಬಾಯಿ ರೀತಿ, ಅಲ್ಲಿನ ಹಳೇ ಕಾಗದಗಳಲ್ಲಿ ಮರಾಠಿಯ ಕೂಡುಬರಹದ ಮೋಡಿ ಲಿಪಿ. ಗುಲ್ಬರ್ಗ, ರಾಯಚೂರು, ಬೀದರ್ ನಿಜಾಮರ ಕಡೆಯವು, ಅಲ್ಲಿ ಉರ್ದು. ದಕ್ಷಿಣ ಕನ್ನಡ ಮದ್ರಾಸಿನಿಂದ ಬಂದಿದ್ದು, ಅವರಿಗೆ ಗುಂಟೆಯೇ ಗೊತ್ತಿಲ್ಲ, ಎಕರೆಗೆ ನೂರು ಸೆಂಟ್ಸ್. ಕೊಡಗಿಗೆ ಅದರದೇ ಲೆಕ್ಕ. ಬಳ್ಳಾರಿ ಇವರಿಗಿಂತ ಮೂರು ವರ್ಷ ಮೊದಲೇ ಬಂದು ಕೂತಿತ್ತು. 1973ರಲ್ಲಿ ಇದಕ್ಕೆಲ್ಲ ಕರ್ನಾಟಕ ಅಂತ ಹೆಸರಿಟ್ಟಾಗಲೂ ಒಳಗೆ ಗಂಟುಗಳು ಬೇರೆ ಬೇರೆಯೇ.

ಒಂದು ಸಲ ಹುಚ್ಚು ಹಿಡಿದು ಹಳೇ ಸಂಸ್ಥಾನದ ಗಡಿಯ ಈಚೆ ಒಂದು ಊರಿನ ಹಾಳೆ, ಆಚೆ ಪಕ್ಕದ ಊರಿನ ಹಾಳೆ ತಂದು ನೆಲದ ಮೇಲೆ ಹಾಸಿ ಕೂಡಿಸಿ ನೋಡಿದೆ. ಎರಡಕ್ಕೂ ನಡುವೆ ಒಂದೇ ಹಳ್ಳ. ಆದರೆ ಒಂದು ಹಾಳೆಯಲ್ಲಿ ಆ ಹಳ್ಳ ಅಂಚಿಗೆ ಬಂದು ನಿಂತುಬಿಟ್ಟಿದೆ. ಇನ್ನೊಂದರಲ್ಲಿ ಅದು ನಾಲ್ಕು ಬೆರಳು ಕೆಳಗಿಂದ ಶುರುವಾಗುತ್ತೆ, ಬೇರೆ ಹೆಸರಲ್ಲಿ. ನೀರು ಗಾಳಿಯಲ್ಲಿ ಹಾರಿ ಹೋದಂತೆ! ಇಬ್ಬರು ಸರ್ವೇಯರೂ ತಮ್ಮ ದೊರೆಯ ಗಡಿಗೆ ಬಂದು ಸರಪಳಿ ಸುತ್ತಿಕೊಂಡು ವಾಪಸ್ಸು ಹೋಗಿದ್ದರು. ಆ ನಾಲ್ಕು ಬೆರಳಿನ ಜಾಗ ಯಾರದು? ಅಲ್ಲಿ ಯಾರೋ ಜೋಳ ಬೆಳೆದಿರ್ತಾರೆ ಬಿಡಿ, ನಕ್ಷೆಗೆ ಗೊತ್ತಿಲ್ಲ ಅಷ್ಟೆ.

ಈ ಹಾಳೆಗಳಲ್ಲಿ ನನಗೆ ಸಿಕ್ಕ ಅತಿ ಚೆಂದದ ಪದ 'ಬೇಚಿರಾಕ್'. ಜನವಸತಿ ಇಲ್ಲದ ಗ್ರಾಮಕ್ಕೆ ಕಂದಾಯದವರು ಬರೆಯೋ ಪದ. ಮೂಲ ಪಾರ್ಸಿ. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಇಲ್ಲದ ಊರು. ಸರ್ವೆ ನಂಬರು ಇದೆ, ಗಡಿ ಇದೆ, ಕಂದಾಯ ಇದೆ, ಸಂಜೆ ದೀಪ ಹಚ್ಚೋರು ಮಾತ್ರ ಇಲ್ಲ. ಪ್ಲೇಗಿಗೋ ಬರಕ್ಕೋ ಊರು ಬಿಟ್ಟು ಹೋದವರು. ಕವಿಗಳು ತಲೆ ಕೆಡಿಸಿಕೊಂಡರೂ ಹೊಳೆಯದ ಪದವನ್ನು ಯಾವನೋ ಗುಮಾಸ್ತ ಕಾಲಮ್ಮಿನಲ್ಲಿ ಬರೆದು ಮುಂದಿನ ಸಾಲಿಗೆ ಹೋಗಿದ್ದಾನೆ.

ನಕ್ಷೆ ನೋಡೋಕೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ಗೆರೆಗಾಗಿ ಬರ್ತಾರೆ. ಅಣ್ಣ ತಮ್ಮಂದಿರ ಪಾಲು, ಪೋಡಿ ಅಂದರೆ ಸರ್ವೆ ನಂಬರು ಒಡೆಯೋದು, ಪಕ್ಕದವನ ಒತ್ತುವರಿ. ತಪ್ಪಲ್ಲ, ಹೊಟ್ಟೆಪಾಡು. ಆದರೆ 2003ರ ಬೇಸಿಗೆಯಲ್ಲಿ ಬಂದ ಒಬ್ಬ ಅಜ್ಜ ಗೆರೆಗೆ ಬಂದವರಲ್ಲ. ಸಾಗರದ ಕಡೆಯವರು. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ, ಅಂದರೆ 1964ಕ್ಕೆ, ಅವರ ಊರು ಮುಳುಗಿತ್ತು. ಆ ನೀರಿನಲ್ಲಿ ಊರುಗಳಷ್ಟೇ ಅಲ್ಲ, ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತೆ. ಅಜ್ಜ ಕೇಳಿದ್ದು ಇಷ್ಟೇ. "ಅಮ್ಮಾ, ನಮ್ಮ ಮನೆ ಎಲ್ಲಿತ್ತು ತೋರಿಸ್ತೀರಾ?"

ಹಾಳೆ ಹುಡುಕಿ ತೆಗೆದೆ. ಗ್ರಾಮ ನಕ್ಷೆಯಲ್ಲಿ ಮನೆ ಇರೋದಿಲ್ಲ. ಊರಿನ ವಸತಿ ಜಾಗಕ್ಕೆ ಗ್ರಾಮಠಾಣ ಅಂತ ಒಂದು ಗೆರೆ ಸುತ್ತಿ ಒಳಗೆ ಖಾಲಿ ಬಿಟ್ಟಿರ್ತಾರೆ. ನನಗೆ ಮುಜುಗರ. "ಅಜ್ಜಾ, ಇದರಲ್ಲಿ ಮನೆ ಬರೆದಿಲ್ಲ" ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ನಾವು ಯಾರನ್ನೂ ಮೂಲ ಹಾಳೆ ಮುಟ್ಟೋಕೆ ಬಿಡ್ತಿರಲಿಲ್ಲ. ಅವತ್ತು ನಾನು ಬಾಯಿ ಬಿಡಲಿಲ್ಲ. ಇಲ್ಲಿ ನಮ್ಮ ಮನೆ, ಇಲ್ಲಿ ಚಿಕ್ಕಪ್ಪನದು, ಇಲ್ಲಿ ಕೊಟ್ಟಿಗೆ, ಇಲ್ಲಿಂದ ತೋಟಕ್ಕೆ ಇಳಿಯೋ ದಾರಿ, ಈ ತಿರುವಿನಲ್ಲಿ ಒಂದು ಹಲಸಿನ ಮರ, ಇಲ್ಲಿ ಮಳೆಗಾಲದಲ್ಲಿ ಹಳ್ಳ ದಾಟೋಕೆ ಸಂಕ ಹಾಕ್ತಿದ್ದೆವು. ಹೇಳ್ತಾ ಹೋದರು. ಸೊಪ್ಪಿನ ಬೆಟ್ಟಕ್ಕೂ ಗದ್ದೆಗೂ ಇದ್ದ ಒಂದೊಂದು ಹೆಸರು. ನಾನು ಬೇರೆ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಒಂದು ಗಂಟೆಯಲ್ಲಿ ಮೂವತ್ತೆಂಟು ಹೆಸರು. ಸರ್ಕಾರದ ನಕ್ಷೆಯಲ್ಲಿ ಇದ್ದದ್ದು ಒಂಬತ್ತು.

ಆ ಪೆನ್ಸಿಲ್ ಹಾಳೆಯನ್ನು ಏನು ಮಾಡೋದು ಅಂತ ನಮ್ಮಲ್ಲಿ ದೊಡ್ಡ ಜಿಜ್ಞಾಸೆ ಆಯಿತು. ಅದು ದಾಖಲೆ ಅಲ್ಲ, ಸೀಲಿಲ್ಲ, ಸಹಿ ಇಲ್ಲ. ಮೆಕೆಂಜಿ ಬರೆಸಿದ ಕೈಫಿಯತ್ತಿಗೆ ಯಾವ ಸೀಲಿತ್ತು ಅಂತ ನಾನು ವಾದ ಮಾಡಿದೆ. ಕೊನೆಗೆ ಮೂಲ ನಕ್ಷೆಯ ಜೊತೆ ಅದೇ ಫೋಲ್ಡರಿನಲ್ಲಿ ಇಟ್ಟೆ. ಅಲ್ಲಿಂದ ಮುಂದೆ ಯಾರು ಬಂದರೂ ಕೆಲಸ ಆದ ಮೇಲೆ ಒಂದು ಖಾಲಿ ಹಾಳೆ ಕೊಟ್ಟು, "ನಿಮ್ಮ ಹೊಲಕ್ಕೆ ಏನಂತ ಕರೀತೀರಿ?" ಅಂತ ಕೇಳೋದು ನನ್ನ ಚಾಳಿ ಆಯಿತು. ಜನರ ಜೊತೆ ಕೂತು ಮಾಡುವ ಇತಿಹಾಸಕ್ಕೆ ಈಗ ದೊಡ್ಡ ದೊಡ್ಡ ಹೆಸರು ಇಟ್ಟಿದ್ದಾರೆ, ಕೋರ್ಸು ಬೇರೆ ಇದೆ. ನಮಗೆ ಅದು ಸುಮ್ನೆ ಬಾಯಿಬಿಡಿಸೋ ಕೆಲಸ.

ಈಗ ನನ್ನ ಪಾಪದ ಪಟ್ಟಿಗೆ ವಾಪಸ್ಸು ಬರ್ತೀನಿ.

ಟೇಪಿಗಿಂತ ದೊಡ್ಡ ತಪ್ಪು ಲ್ಯಾಮಿನೇಷನ್. ತೊಂಬತ್ತರ ದಶಕದಲ್ಲಿ ಗುರುತಿನ ಚೀಟಿಯಿಂದ ಹಿಡಿದು ದೇವರ ಪಟದ ತನಕ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಬಿಸಿ ಮಾಡಿ ಒತ್ತಿಸೋ ಕಾಲ. ನೀರು ತಾಗಲ್ಲ, ಹರಿಯಲ್ಲ, ಹೊಳೆಯುತ್ತೆ. ಜಾಸ್ತಿ ಕೈಯಾಡುವ ಹದಿನೇಳು ನಕ್ಷೆ ಆರಿಸಿ ಮಾಡಿಸಿದೆ. ಪ್ರಸ್ತಾವ ನನ್ನದೇ, ಸಹಿ ನನ್ನದೇ. ಐದಾರು ವರ್ಷ ಚೆನ್ನಾಗೇ ಇದ್ದವು. ಆಮೇಲೆ ಒಳಗಿಂದ ಹಳದಿಯಾಗೋಕೆ ಶುರು. ಹಳೇ ಕಾಗದದಲ್ಲಿ ಹುಳಿ ಇರುತ್ತೆ. ಮುಚ್ಚಿಟ್ಟ ಬಾಟಲಿಯೊಳಗಿನ ಪದಾರ್ಥದ ಹಾಗೆ ಆ ಹುಳಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಕಾಗದವನ್ನೇ ತಿಂದಿತು. ಹಿಂದಿನವರು ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟ್ ಹಾಳೆಯಾದರೆ ಅಸಿಟೋನಿನಲ್ಲಿ ನೆನೆಸಿ ಕರಗಿಸಿ ಬಿಡಿಸಬಹುದು. ನಾನು ಮಾಡಿಸಿದ್ದು ಬಿಡೋದಿಲ್ಲ. ಎಳೆದರೆ ಮಸಿಯೂ ಜೊತೆಗೇ ಬರುತ್ತೆ. ಆ ಹದಿನೇಳು ಹಾಳೆ ಇವತ್ತಿಗೂ ಹಾಗೇ ಇವೆ, ಗಾಜಿನ ಪೆಟ್ಟಿಗೆಯಲ್ಲಿ ಉಸಿರು ಕಟ್ಟಿದ ಹಾಗೆ.

ಆಮೇಲೆ ಕಲಿತೆ. ಒಂದು ತರಬೇತಿಗೆ ಕಳಿಸಿದ್ದರು, ಆರು ವಾರ. ಗೋಧಿಯ ಹಿಟ್ಟಿನಿಂದ ಜಿಗುಟು ತೆಗೆದು ಬರೀ ಪಿಷ್ಟ ಉಳಿಸಿಕೊಂಡು ಬೇಯಿಸಿದ ಅಂಟು, ಅದಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಜಪಾನಿ ಕಾಗದ. ಹರಿದ ಕಡೆ ಹಿಂದಿನಿಂದ ಅಂಟಿಸೋದು. ಬೇಡ ಅನ್ನಿಸಿದರೆ ನಾಳೆ ಒಂದಿಷ್ಟು ತೇವ ಕೊಟ್ಟು ಬಿಡಿಸಬಹುದು. ನಮ್ಮ ಕಚೇರಿಯಲ್ಲಿ ಅಲ್ಲಿಯ ತನಕ ನಡೆಯುತ್ತಿದ್ದದ್ದು ಮೈದಾ ಅಂಟು, ಹುಳ ಬರಬಾರದು ಅಂತ ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. ಹುಳ ಬರೋದಿಲ್ಲ ನಿಜ, ಆದರೆ ಆ ಮೈಲುತುತ್ತದ ತಾಮ್ರ ನಿಧಾನಕ್ಕೆ ಕಾಗದ ಸುಡುತ್ತೆ. ತೋಟ, ತೋಪಿಗೆ ಅಂತ ಹಾಕಿದ ತಾಮ್ರದ ಹಸಿರು ಬಣ್ಣವೂ ಹಾಗೆಯೇ. ಕೆಲವು ನಕ್ಷೆಗಳಲ್ಲಿ ಮರ ಇದ್ದ ಕಡೆಯೆಲ್ಲ ತೂತು. ಮಸಿಯಲ್ಲೂ ಎರಡು ಜಾತಿ. ದೀಪದ ಕಾಡಿಗೆಯಿಂದ ಮಾಡಿದ ಮಸಿ ಕಾಗದದ ತಂಟೆಗೆ ಹೋಗೋದಿಲ್ಲ. ಅನ್ನಭೇದಿ ಹಾಕಿ ಕುದಿಸಿದ ಮಸಿ ಗೆರೆ ಗೆರೆಯನ್ನೇ ಬ್ಲೇಡಿನಲ್ಲಿ ಕೊಯ್ದ ಹಾಗೆ ಕೊಯ್ಯುತ್ತೆ.

ಟ್ರೇಸಿಂಗ್ ಬಟ್ಟೆಯ ವಿಷಯಕ್ಕೆ ನಮ್ಮ ಹಿರಿಯ ಟ್ರೇಸರ್ ನೆನಪಾಗ್ತಾರೆ. ಅದು ನಯವಾದ ಬಟ್ಟೆಗೆ ಗಂಜಿ ಹಾಕಿ ಗಾಜಿನ ಹಾಗೆ ಮಾಡಿದ್ದು. ಒಂದು ಹನಿ ಬೆವರು ಬಿದ್ದರೂ ಅಲ್ಲಿ ಬೆಳ್ಳಗೆ ಮಚ್ಚೆ. ಅದಕ್ಕೇ ಅವರು ಕೈ ಕೆಳಗೆ ಯಾವಾಗಲೂ ಒಂದು ಒತ್ತುಕಾಗದ ಇಟ್ಟುಕೊಂಡೇ ಬರೀತಿದ್ದರು. "ಕೆಟ್ಟ ಹಾಳೆ ಒಗೆದರೆ ಗಂಜಿ ಬಿಟ್ಟು ಒಳ್ಳೇ ಬಟ್ಟೆ ಸಿಗ್ತಿತ್ತಮ್ಮಾ, ನಮ್ಮ ಮಕ್ಕಳ ಕರವಸ್ತ್ರ ಎಲ್ಲ ಸರ್ಕಾರದ್ದೇ" ಅಂತ ಕಣ್ಣು ಮಿಟುಕಿಸಿದ್ದರು. ಒಗೆದುಹೋದ ಆ ಕರವಸ್ತ್ರಗಳಲ್ಲಿ ಯಾವ್ಯಾವ ಊರಿತ್ತೋ ಏನೋ. ಇನ್ನು ನೀಲಿ ಪ್ರಿಂಟುಗಳಿಗೆ ಇದರ ತದ್ವಿರುದ್ಧ. ಉಳಿದ ಕಾಗದಕ್ಕೆಲ್ಲ ಒಳ್ಳೆಯದಾದ ಕ್ಷಾರದ ಫೋಲ್ಡರು ಇವಕ್ಕೆ ಆಗಿಬರೋದಿಲ್ಲ, ನೀಲಿ ಮಂಕಾಗುತ್ತೆ. ಒಂದಕ್ಕೆ ಔಷಧಿ ಇನ್ನೊಂದಕ್ಕೆ ವಿಷ.

ಸ್ಕ್ಯಾನಿಂಗ್ ಬಂದಾಗ ಎಲ್ಲ ಕಷ್ಟ ತೀರಿತು ಅಂದುಕೊಂಡೆವು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಹೋದವು, ಅದು ನಿಜಕ್ಕೂ ದೊಡ್ಡ ಕೆಲಸ. ನಾವೂ ನಮ್ಮ ನಕ್ಷೆಗಳಿಗೆ ಕೈ ಹಾಕಿದೆವು. ಜಾಗ ಉಳಿಸೋಕೆ ಅಂತ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಸೀಡಿಗೆ ಹಾಕಿದೆವು. ಅದಕ್ಕೂ ನಾನು ಹೂಂ ಅಂದಿದ್ದೆ. ನೀರಿಗೆ ಹಾಕಿದ್ದ ನೀಲಿ, ಗಡಿಗೆ ಹಾಕಿದ್ದ ಕೆಂಪು ಎರಡೂ ಕಪ್ಪಾದವು. ರಾಜಕಾಲುವೆ ಯಾವುದು, ಹೊಲದ ಅಂಚು ಯಾವುದು ಅಂತ ಗೊತ್ತಾಗದ ಹಾಗೆ. ಪೆನ್ಸಿಲ್ಲಿನ ತಿದ್ದುಪಡಿಗಳು ಪೂರ್ತಿ ಮಾಯ. ಹತ್ತು ವರ್ಷದ ನಂತರ ಆ ಸೀಡಿಗಳಲ್ಲಿ ಅರ್ಧ ತೆರೆಯಲೇ ಇಲ್ಲ. ನೂರೈವತ್ತು ವರ್ಷದ ಕಾಗದ ಮಾತ್ರ ಪಕ್ಕದ ಡ್ರಾಯರಿನಲ್ಲಿ ಓದೋಕೆ ಬರ್ತಿತ್ತು. ಎರಡನೇ ಸಲ ಬಣ್ಣದಲ್ಲಿ, ಸರಿಯಾದ ಸಾಂದ್ರತೆಯಲ್ಲಿ, ಮೂರು ಕಡೆ ಪ್ರತಿ ಇಟ್ಟು ಮಾಡಿದೆವು. ದೇವಸ್ಥಾನ, ಕೆರೆ ಕೋಡಿ, ಮೂರು ಊರಿನ ಗಡಿ ಸೇರುವ ಕಲ್ಲು, ಇಂಥ ಅಲುಗಾಡದ ಗುರುತು ಹಿಡಿದು ಹಳೇ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸೋದು ಆಗ ಕಲಿತದ್ದು.

ಬೆಂಗಳೂರನ್ನು ಹಾಗೆ ಕೂರಿಸಿ ನೋಡಬೇಕು ನೀವು. ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೆ ಧರ್ಮಾಂಬುಧಿ ಕೆರೆ ಬಂದು ಕೂರುತ್ತೆ. ಕಂಠೀರವ ಕ್ರೀಡಾಂಗಣದ ಮೇಲೆ ಸಂಪಂಗಿ ಕೆರೆ. ಹಾಕಿ ಕ್ರೀಡಾಂಗಣದ ಮೇಲೆ ಅಕ್ಕಿತಿಮ್ಮನಹಳ್ಳಿ ಕೆರೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು "ಹಾಗಾದರೆ ನೀರು ಎಲ್ಲಿಗೆ ಹೋಯ್ತು ಮಿಸ್?" ಅಂತ ಕೇಳ್ತಾರೆ. ಜೋರು ಮಳೆ ಬಂದ ದಿನ ಹೋಗಿ ನೋಡಿ ಅಂತೀನಿ.

ಕೆರೆ, ಕಾಲುವೆ ಅಂದಮೇಲೆ ದುಡ್ಡು ಅಂತಲೇ ಅರ್ಥ ಈಗ. ನಕ್ಷೆಯಲ್ಲಿ ಸಾರ್ವಜನಿಕರಿಗೆ ಬಿಟ್ಟ ಬಿ ಖರಾಬು ಅಂತ ಇರುವ ಒಂದು ಓಣಿ, ಒಂದು ತೋಡು, ಕೋಟಿಗಟ್ಟಲೆ ಬೆಲೆಯ ಜಾಗದ ನಡುವೆ ಹಾದು ಹೋಗುತ್ತೆ. ಒಂದು ದಿನ ಒಂದು ಹಾಳೆ ತೆಗೆದೆ. ಎಂಟು ತಿಂಗಳ ಹಿಂದೆ ನಾನೇ ಇಟ್ಟಿದ್ದ ಹಾಳೆ. ಕಾಲುವೆ ಇರಬೇಕಾದ ಕಡೆ ಕಾಲುವೆ ಇಲ್ಲ. ಕಣ್ಣಿಗೆ ಏನೂ ಕಾಣಲ್ಲ, ಕಾಗದ ನುಣ್ಣಗಿದೆ. ದೀಪವನ್ನು ಹಾಳೆಯ ಪಕ್ಕಕ್ಕೆ, ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕು ಬಿಟ್ಟೆ. ಆಗ ಕಂಡಿತು. ಬ್ಲೇಡಿನಲ್ಲಿ ಸವರಿದ ಸಣ್ಣ ಸಣ್ಣ ಗೀರು, ಕಾಲುವೆಯ ಉದ್ದಕ್ಕೂ. ಹಾಳೆಯನ್ನು ಕಿಟಕಿಗೆ ಹಿಡಿದರೆ ಆ ಜಾಗದಲ್ಲಿ ಕಾಗದ ತೆಳುವಾಗಿ ಬೆಳಕು ಹರಿಯುತ್ತೆ, ನೀರು ಹರಿದ ಹಾಗೇ. ಯಾರು, ಯಾವಾಗ, ಯಾರಿಗೋಸ್ಕರ ಅನ್ನೋದನ್ನು ಇಲ್ಲಿ ಬರೆಯೋಕೆ ಆಗಲ್ಲ. ಎರಡನೇ ಸಲದ ಬಣ್ಣದ ಸ್ಕ್ಯಾನ್ ಇತ್ತು, ಅದರಲ್ಲಿ ಕಾಲುವೆ ನೀಲಿಯಾಗಿ ಹಾಗೇ ಇತ್ತು. ಕಪ್ಪು ಬಿಳುಪಿನ ಸ್ಕ್ಯಾನ್ ಮಾತ್ರ ಇದ್ದಿದ್ದರೆ ಅದು ಕಾಲುವೆ ಅಂತ ನಾನು ಹೇಳಿದರೂ ಯಾರೂ ನಂಬ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕೂದಲೆಳೆಯಲ್ಲಿ ತಪ್ಪಿದ್ದು.

ದೇಶದ ಮಟ್ಟದಲ್ಲಿ ನಿಯಮಗಳು ಸಡಿಲ ಆಗುತ್ತಾ ಬಂದವು. 2005ರ ನಕ್ಷೆ ನೀತಿ ಸೈನ್ಯಕ್ಕೆ ಒಂದು ಸರಣಿ, ಜನಕ್ಕೆ ಒಂದು ಸರಣಿ ಅಂತ ಮಾಡಿತು. 2021ರಲ್ಲಿ ಇನ್ನಷ್ಟು ಬಾಗಿಲು ತೆಗೆದರು. ನಾವು ಕೆಲಸಕ್ಕೆ ಸೇರಿದಾಗ ನಕ್ಷೆ ಅಂದರೆ ಬಚ್ಚಿಡೋ ವಸ್ತು. ಈಗಿನ ಹುಡುಗರು ಫೋನಿನಲ್ಲಿ ಸರ್ವೆ ನಂಬರು ನೋಡ್ತಾರೆ. ಒಳ್ಳೆಯದೇ. ನೋಡೋ ಕಣ್ಣು ಜಾಸ್ತಿ ಇದ್ದಷ್ಟೂ ಬ್ಲೇಡಿಗೆ ಕೆಲಸ ಕಡಿಮೆ.

ಕೊನೆಯ ಎರಡು ವರ್ಷ ನಾನು ಹೊಸದಾಗಿ ಒಂದೂ ನಕ್ಷೆ ರಿಪೇರಿ ಮಾಡಲಿಲ್ಲ. ಬರೀ ಬರೆದೆ. ಯಾವ ಹಾಳೆಗೆ ಯಾವಾಗ ಏನು ಮಾಡಿದೆ, ಯಾವ ಅಂಟು, ಯಾವ ಕಾಗದ, ಯಾಕೆ. ಲ್ಯಾಮಿನೇ‌ಷನ್ನಿನ ಹದಿನೇಳರ ಪಟ್ಟಿ, ಪ್ರಸ್ತಾವ ಯಾರದು ಅನ್ನೋದರ ಸಮೇತ. ನನ್ನ ಮೇಲಿನವರು ಒಬ್ಬರು "ಇದೆಲ್ಲ ಯಾಕೆ ಬರೀತೀರಿ, ಆಡಿಟ್‌ನವರು ಹಿಡ್ಕೊಂಡ್ರೆ?" ಅಂದರು. ಹಿಡಿದರೆ ಹಿಡೀಲಿ ಅಂದೆ, ಪೆನ್ಷನ್ ಫೈಲು ಆಗಲೇ ಹೋಗಿತ್ತು.

ಹೊರಡುವ ವಾರ ನನ್ನ ಜಾಗಕ್ಕೆ ಬಂದ ಹುಡುಗಿಗೆ ಡ್ರಾಯರುಗಳನ್ನೆಲ್ಲ ತೋರಿಸಿದೆ. ಜಾಣೆ, ನನಗಿಂತ ಚೆನ್ನಾಗಿ ಓದಿಕೊಂಡು ಬಂದವಳು. 1991ರ ಆ ಟೇಪಿನ ಹಾಳೆ ಬಂತು. ನೋಡಿದಳು. "ಮೇಡಂ, ಈಗ ಈ ಕಲೆ ತೆಗೆಯೋ ಹೊಸ ದ್ರಾವಣಗಳಿವೆ. ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಹೋಗುತ್ತೆ. ಟ್ರೈ ಮಾಡ್ಲಾ?" ಅಂದಳು. ಅವಳ ಕಣ್ಣಲ್ಲಿ ನಾನು ಚೆನ್ನಾಗಿ ಬಲ್ಲ ಒಂದು ಉತ್ಸಾಹ ಇತ್ತು. ಆ ಬಸ್ಸಿನಲ್ಲಿ ಬೀಗಿಕೊಂಡು ಹೋಗಿದ್ದೆನಲ್ಲ, ಅದೇ.

ಬೇಡ ಅನ್ನಲಿಲ್ಲ. ಮಾಡು ಅಂತಲೂ ಅನ್ನಲಿಲ್ಲ. ಕಲೆಯ ಪಕ್ಕದ ಫೋಲ್ಡರಿನಲ್ಲಿ ನನ್ನ ಚೀಟಿ ತೋರಿಸಿದೆ. 'ಸೆಲ್ಲೋಟೇಪು, ಎರಡೂ ಬದಿ, ಜುಲೈ 1991' ಅಂತ, ಕೆಳಗೆ ನನ್ನ ಹೆಸರು. ಅದರ ಕೆಳಗೆ ನಾಲ್ಕು ಬೆರಳು ಖಾಲಿ ಬಿಟ್ಟಿದ್ದೆ. ಅವಳು ಚೀಟಿ ಓದಿದಳು, ಖಾಲಿ ಜಾಗ ನೋಡಿದಳು, ಹಾಳೆಯನ್ನು ವಾಪಸ್ಸು ಡ್ರಾಯರಿಗೆ ಜಾರಿಸಿದಳು.

"ಪೆನ್ಸಿಲ್ ಯಾವುದು ಬಳಸ್ತೀರಿ ಮೇಡಂ?" ಅಂತ ಕೇಳಿದಳು.